ನಮ್ಮ ಮನೆತನದ ಸಕ್ಕರಿ

"ನಮ್ಮ ಮನೆತನದಾಗನ ಐತ್ರಿ..."

ಪುಣೆಯಲ್ಲಿ ನಾಲ್ಕು ಜನ ಕನ್ನಡದವರು ಸೇರಿದ ಕಡೆ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಮದುವೆಯ ಪಂಕ್ತಿ ಇರಲಿ, ರಾಜ್ಯೋತ್ಸವದ ಊಟ ಇರಲಿ, ಹೋಳಿಗೆ ಬಡಿಸುವವನು ಹತ್ತಿರ ಬಂದ ಕೂಡಲೇ ಎಲೆಯ ಮೇಲೆ ಅಂಗೈ ಅಡ್ಡ ಬರುತ್ತದೆ, ಹಿಂದೆಯೇ ಈ ಮಾತೂ ಬರುತ್ತದೆ. ಮೊದಲು ಐವತ್ತು ದಾಟಿದವರು ಹೇಳುತ್ತಿದ್ದರು, ಈಗೀಗ ಮೂವತ್ತೈದರ ಹುಡುಗರೂ ಹೇಳುತ್ತಾರೆ. ಹೊಲ, ಮನೆ, ಹಳೇ ಸಾಲದ ಹಾಗೆ ಸಕ್ಕರೆ ಕಾಯಿಲೆಯೂ ಅಪ್ಪನ ಆಸ್ತಿ. ಬಂದದ್ದನ್ನು ಅನುಭವಿಸಬೇಕು, ಅಷ್ಟೇ!

ನಾನೂ ಹಾಗೇ ಹೇಳಿ ಸುಮ್ಮನಾಗೋಣವೆಂದರೆ ನಮ್ಮ ಮನೆಯ ಲೆಕ್ಕ ತಾಳೆಯಾಗುವುದಿಲ್ಲ. ನನಗೆ ಸಕ್ಕರೆ ಬಂದದ್ದು 41ನೇ ವಯಸ್ಸಿಗೆ, 2014ರಲ್ಲಿ. ನಮ್ಮಪ್ಪ ವಿಜಾಪುರ ಕಡೆಯ ಒಣ ಹೊಲದಲ್ಲಿ ಎಪ್ಪತ್ತೆಂಟು ವರ್ಷ ಬಾಳಿದರು. ಕಣ್ಣಿನ ಪೊರೆ ತೆಗೆಯುವ ಮುಂಚೆ ರಕ್ತ ಪರೀಕ್ಷೆ ಮಾಡಿದಾಗಲೂ ಅವರಿಗೆ ಸಕ್ಕರೆ ಇರಲಿಲ್ಲ. ನನಗಿಂತ ನಾಲ್ಕು ವರ್ಷ ದೊಡ್ಡವನಾದ ಅಣ್ಣ ಊರಲ್ಲೇ ಇದ್ದಾನೆ, ಹೊಲ ಮಾಡುತ್ತಾನೆ, ಚಹಕ್ಕೆ ಎರಡು ಚಮಚ ಸಕ್ಕರೆ ಹಾಕಿಕೊಳ್ಳುತ್ತಾನೆ. ಅವನಿಗೂ ಇಲ್ಲ. ಅದೇ ಅಪ್ಪ, ಅದೇ ಅವ್ವ, ಅದೇ ರಕ್ತ. ಹಾಗಾದರೆ ಇದು ಯಾವ ಮನೆತನದಿಂದ ಬಂತು?

ಈ ಪ್ರಶ್ನೆ ಹಿಡಿದು ಓದುತ್ತಾ ಹೋದಾಗ ಸಿಕ್ಕ ಶಬ್ದ ಎಪಿಜೆನೆಟಿಕ್ಸ್. ಕಾನ್ರಾಡ್ ವಾಡಿಂಗ್ಟನ್ ಎಂಬ ಬ್ರಿಟನ್ನಿನ ಜೀವವಿಜ್ಞಾನಿ 1942ರಲ್ಲಿ ಟಂಕಿಸಿದ ಶಬ್ದ ಇದು. ಆಗಿನ್ನೂ ಡಿಎನ್‌ಎಯ ರಚನೆ ಹೇಗಿದೆ ಅಂತಲೂ ಗೊತ್ತಿರಲಿಲ್ಲ. ಜೀನು ಮತ್ತು ಅದರ ಫಲ, ಇವೆರಡರ ನಡುವೆ ಏನೋ ನಡೆಯುತ್ತದೆ, ಆ "ಏನೋ"ಕ್ಕೆ ಒಂದು ಹೆಸರು ಬೇಕಾಗಿತ್ತು ಅವರಿಗೆ.

ಜೀನು ಅಂದೆ, ಜೇನು ಅಲ್ಲ. ಆದರೆ ಜೇನಿನಿಂದಲೇ ಶುರು ಮಾಡಿದರೆ ಇದು ಬೇಗ ಅರ್ಥವಾಗುತ್ತದೆ. ಒಂದು ಹುಟ್ಟಿನಲ್ಲಿ ರಾಣಿಯೂ ಹೆಣ್ಣು, ದುಡಿಯುವ ಸಾವಿರಾರು ಜೇನುಗಳೂ ಹೆಣ್ಣು. ರಾಣಿಗೆಂದೇ ಬೇರೆ ಜೀನು ಇಲ್ಲ, ಯಾವ ಹೆಣ್ಣು ಮರಿ ಬೇಕಾದರೂ ರಾಣಿಯಾಗಬಹುದಿತ್ತು. ಎಲ್ಲ ಮರಿಗಳಿಗೂ ಮೊದಲ ಮೂರು ದಿನ ದಾದಿ ಜೇನುಗಳ ತಲೆಯ ಗ್ರಂಥಿಯಿಂದ ಒಸರುವ ಹಾಲಿನಂಥ ರಸ ಸಿಗುತ್ತದೆ. ಆಮೇಲೆ ಹೆಚ್ಚಿನವಕ್ಕೆ ಪರಾಗ, ಜೇನುತುಪ್ಪದ ಊಟ. ರಾಣಿಯಾಗುವ ಮರಿಗೆ ಮಾತ್ರ ಆ ರಸದ ಊಟವೇ ಮುಂದುವರಿಯುತ್ತದೆ. ಊಟದ ಈ ವ್ಯತ್ಯಾಸದಿಂದ ಒಬ್ಬಳು ವರ್ಷಗಟ್ಟಲೆ ಬದುಕಿ ದಿನಕ್ಕೆ ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡುತ್ತಾಳೆ, ಉಳಿದವರು ಕೆಲವೇ ವಾರ ದುಡಿದು ಸಾಯುತ್ತಾರೆ. 2008ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಜೇನುಮರಿಗಳಲ್ಲಿ ಡಿಎನ್‌ಎ ಮೇಲೆ ಗುರುತು ಹಾಕುವ ಒಂದು ಕಿಣ್ವವನ್ನು ತಡೆದು ನೋಡಿದರು. ಆ ಮರಿಗಳಲ್ಲಿ ಬಹುಪಾಲು ರಾಣಿಯ ಲಕ್ಷಣದ ಜೇನುಗಳಾದವು!

ಏನಿದು ಗುರುತು? ನಮ್ಮೂರ ಮಠದಲ್ಲಿ ಶ್ರಾವಣದಲ್ಲಿ ಪುರಾಣ ಹಚ್ಚುತ್ತಿದ್ದರು. ಓದುವ ಅಜ್ಜನ ಹತ್ತಿರ ಒಂದು ದಪ್ಪ ಪುಸ್ತಕ. ಅದರ ಬದಿಗೆ ಪೆನ್ಸಿಲ್ಲಿನಲ್ಲಿ ಸಣ್ಣ ಸಣ್ಣ ಗುರುತು, ಇದನ್ನು ಓದು, ಇದನ್ನು ಬಿಡು ಅಂತ. ಪುಸ್ತಕದಲ್ಲಿ ಅಚ್ಚಾದ ಅಕ್ಷರ ಒಂದೂ ಬದಲಾಗಿಲ್ಲ, ಆದರೆ ಮಠದಲ್ಲಿ ಕೂತವರಿಗೆ ಕೇಳಿಸುವುದು ಗುರುತಿನ ಪ್ರಕಾರವೇ. ನಮ್ಮ ಒಂದೊಂದು ಜೀವಕೋಶದಲ್ಲೂ ಸುಮಾರು ಎರಡು ಮೀಟರ್ ಉದ್ದದ ಡಿಎನ್‌ಎ ಇದೆ, ಅದರಲ್ಲಿ ಪ್ರೋಟೀನು ಮಾಡುವ ಸುಮಾರು 20,000 ಜೀನುಗಳಿವೆ. ಕಣ್ಣಿನ ಕೋಶದಲ್ಲೂ ಅದೇ ಪುಸ್ತಕ, ಯಕೃತ್ತಿನ ಕೋಶದಲ್ಲೂ ಅದೇ ಪುಸ್ತಕ. ಯಾವ ಪುಟ ಓದಬೇಕು ಅನ್ನುವುದು ಮಾತ್ರ ಬೇರೆ. ಆ ಪೆನ್ಸಿಲ್ ಗುರುತುಗಳಲ್ಲಿ ಮುಖ್ಯವಾದದ್ದು ಮಿಥೈಲ್ ಎಂಬ ಪುಟ್ಟ ರಾಸಾಯನಿಕ ಗುಂಪು. ಸಾಮಾನ್ಯವಾಗಿ ಅದು ಜೀನಿನ ಆರಂಭದಲ್ಲಿ ದಟ್ಟವಾಗಿ ಕೂತರೆ ಆ ಜೀನು ಮೌನವಾಗುತ್ತದೆ. ಇನ್ನೊಂದು ಬಗೆ ಎಂದರೆ ಡಿಎನ್‌ಎಯನ್ನು ಸುತ್ತಿಡುವ ಉಂಡೆಗಳು. ಬಿಗಿಯಾಗಿ ಸುತ್ತಿದರೆ ಓದಲು ಬರುವುದಿಲ್ಲ, ಸಡಿಲವಾದರೆ ಬರುತ್ತದೆ.

ಇನ್ನು ಒಂದು ಮಾತು ನೆನಪಿಡಿ. ಈ ಮಿಥೈಲ್ ಗುಂಪು ಹಂಚಲು ದೇಹಕ್ಕೆ ಬೇಕಾದ ಸಾಮಾನು ಊಟದಿಂದಲೇ ಬರಬೇಕು. ಸೊಪ್ಪಿನಲ್ಲಿರುವ ಫೋಲೇಟ್, ಹಾಲು, ಮೊಸರು, ಮೊಟ್ಟೆ, ಮಾಂಸದಲ್ಲಿರುವ ಬಿ-12, ಇಂಥವು. ಅಂದರೆ ಪೆನ್ಸಿಲ್ಲಿನ ಸೀಸ ಅಡುಗೆಮನೆಯಿಂದ ಬರುತ್ತದೆ.

ಮನುಷ್ಯರಲ್ಲಿ ಇದಕ್ಕೆ ಎಲ್ಲಕ್ಕಿಂತ ಸ್ಪಷ್ಟವಾದ ಸಾಕ್ಷಿ ಸಿಕ್ಕಿದ್ದು ಒಂದು ಬರಗಾಲದಿಂದ. ಎರಡನೇ ಮಹಾಯುದ್ಧದ ಕೊನೆಯ ಚಳಿಗಾಲ, 1944-45. ನೆದರ್ಲೆಂಡ್ಸಿನ ಪಶ್ಚಿಮ ಭಾಗಕ್ಕೆ ಆಹಾರ ಹೋಗದ ಹಾಗೆ ಜರ್ಮನ್ನರು ತಡೆದರು. ಆಮ್‌ಸ್ಟರ್‌ಡ್ಯಾಮಿನಂಥ ನಗರದಲ್ಲಿ ದಿನದ ಪಡಿತರ 1,000 ಕ್ಯಾಲೊರಿಗಿಂತ ಕೆಳಗಿಳಿಯಿತು. ಜನ ಟುಲಿಪ್ ಹೂವಿನ ಗಡ್ಡೆ ಬೇಯಿಸಿ ತಿಂದರು, ಸುಮಾರು 20,000 ಜನ ಸತ್ತರು. 1945ರ ಮೇ ತಿಂಗಳಲ್ಲಿ ಬಿಡುಗಡೆಯಾದ ಕೂಡಲೇ ಆಹಾರ ಬಂತು. ಬರ ಶುರುವಾದದ್ದೂ ಗೊತ್ತು, ಮುಗಿದದ್ದೂ ಗೊತ್ತು, ಆಸ್ಪತ್ರೆಗಳಲ್ಲಿ ಹುಟ್ಟಿದ ದಾಖಲೆಗಳೂ ಇದ್ದವು. ಹೀಗಾಗಿ ಯಾವ ಮಗು ಎಷ್ಟನೇ ತಿಂಗಳಲ್ಲಿ ಹಸಿವಿಗೆ ಸಿಕ್ಕಿತು ಅಂತ ಲೆಕ್ಕ ಹಾಕಲು ಬಂತು.

ಅರವತ್ತು ವರ್ಷದ ಮೇಲೆ, 2008ರಲ್ಲಿ, ಬರದ ಸಮಯದಲ್ಲಿ ಗರ್ಭ ನಿಂತು ಹುಟ್ಟಿದ 60 ಜನರ ರಕ್ತವನ್ನು ಅವರವರ ಒಡಹುಟ್ಟಿದವರ ರಕ್ತದೊಂದಿಗೆ ಹೋಲಿಸಿ ನೋಡಿದರು. ಬೆಳವಣಿಗೆಗೆ ಸಂಬಂಧಿಸಿದ ಐಜಿಎಫ್-2 ಎಂಬ ಜೀನಿನ ಮೇಲೆ ಬರದ ಮಕ್ಕಳಲ್ಲಿ ಮಿಥೈಲ್ ಗುರುತು ಕಡಿಮೆ ಇತ್ತು. ಮುದುಕರಾದರೂ ಆ ಚಳಿಗಾಲ ಅವರ ಮೈಯಲ್ಲಿ ಬರೆದೇ ಇತ್ತು! ಇನ್ನೂ ವಿಚಿತ್ರವೆಂದರೆ, ಬಸುರಿನ ಕೊನೆಯ ತಿಂಗಳುಗಳಲ್ಲಿ ಬರಕ್ಕೆ ಸಿಕ್ಕವರು ಹುಟ್ಟುವಾಗ ಸಣ್ಣಗಿದ್ದರು, ಆದರೆ ಅವರ ಈ ಜೀನಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಮೊದಲ ದಿನಗಳಲ್ಲಿ ಹಸಿವಿಗೆ ಸಿಕ್ಕವರಲ್ಲಿ ಕಂಡಿತು. ತೂಕ ಮಾತ್ರ ನೋಡಿದರೆ ತಿಳಿಯದ ಸಂಗತಿ ಇದು. ಬರದಲ್ಲಿ ಗರ್ಭದಲ್ಲಿದ್ದವರು ದೊಡ್ಡವರಾದಾಗ ಅವರ ಮೈ ಸಕ್ಕರೆಯನ್ನು ಸರಿಯಾಗಿ ಅರಗಿಸಿಕೊಳ್ಳುತ್ತಿರಲಿಲ್ಲ ಅಂತ ಅದಕ್ಕೂ ಹತ್ತು ವರ್ಷ ಮೊದಲೇ, 1998ರಲ್ಲಿ, ಬೇರೊಂದು ಅಧ್ಯಯನ ತೋರಿಸಿತ್ತು.

ದೂರದ ದೇಶದ ಕಥೆ ಅನಿಸಿತೇ? ನಮ್ಮ ಮೈಸೂರಿಗೇ ಬನ್ನಿ. ಅಲ್ಲಿಯವರು ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ಆ ಹಳೆಯ ದಫ್ತರುಗಳನ್ನು ಹಿಡಿದು ಸಂಶೋಧಕರು ಸುತ್ತಲಿನ ಓಣಿಗಳಲ್ಲಿ ಮನೆಮನೆ ಹುಡುಕಿ, 1934ರಿಂದ 1954ರೊಳಗೆ ಅಲ್ಲಿ ಹುಟ್ಟಿದ 517 ಜನರನ್ನು ಪತ್ತೆ ಮಾಡಿ, ಹೃದಯ ಪರೀಕ್ಷೆ ಮಾಡಿದರು. 1996ರಲ್ಲಿ ಫಲಿತಾಂಶ ಬಂತು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಶೇಕಡಾ 11 ಜನರಿಗೆ ಹೃದಯದ ಕಾಯಿಲೆ. ಮೂರು ಕಿಲೋ ದಾಟಿ ಚೆನ್ನಾಗಿ ತೂಗಿದವರಲ್ಲಿ ಶೇಕಡಾ 3ರಷ್ಟು. ಪುಸ್ತಕದಲ್ಲಿ ತೂಕ ಬರೆದಿಟ್ಟ ಆ ನರ್ಸಮ್ಮಂದಿರಿಗೆ ತಾವೇನು ಕೂಡಿಡುತ್ತಿದ್ದೇವೆ ಅಂತ ಗೊತ್ತಿತ್ತೋ ಇಲ್ಲವೋ!

ಇನ್ನು ನಾನಿರುವ ಪುಣೆ. ನಾನು ಹೊಟ್ಟೆಪಾಡಿಗೆ ಇಲ್ಲಿಗೆ ಬಂದ 1993ರಲ್ಲೇ ಇಲ್ಲಿಯ ಕೆಇಎಂ ಆಸ್ಪತ್ರೆಯ ಡಾಕ್ಟರ್ ಚಿತ್ತರಂಜನ್ ಯಾಜ್ಞಿಕರು ಪುಣೆಯ ಹತ್ತಿರದ ಆರು ಹಳ್ಳಿಗಳಲ್ಲಿ ಒಂದು ಅಧ್ಯಯನ ಶುರು ಮಾಡಿದರು. ಅಲ್ಲಿ ಹುಟ್ಟಿದ ಮಕ್ಕಳ ಸರಾಸರಿ ತೂಕ ಸುಮಾರು 2.7 ಕಿಲೋ. ಇಂಗ್ಲೆಂಡಿನ ಸೌತಾಂಪ್ಟನ್ನಿನ ಮಕ್ಕಳದ್ದು 3.5 ಕಿಲೋ. ಸಣ್ಣ ಮಗು ಅಂದಮೇಲೆ ಎಲ್ಲವೂ ಸಣ್ಣಗಿರಬೇಕಲ್ಲ? ಹಾಗಿರಲಿಲ್ಲ. ಹೊಟ್ಟೆಯ ಅಂಗಗಳು, ಸ್ನಾಯು ಸಣ್ಣವು, ಕೊಬ್ಬು ಮಾತ್ರ ಅಷ್ಟೇನೂ ಕಡಿಮೆಯಾಗಿರಲಿಲ್ಲ. ಹೊರಗೆ ತೆಳು, ಒಳಗೆ ಕೊಬ್ಬು. ಯಾಜ್ಞಿಕರು ಮತ್ತು ಅವರ ಬ್ರಿಟಿಷ್ ಸ್ನೇಹಿತ ಜಾನ್ ಯುಡ್ಕಿನ್ ಅಕ್ಕಪಕ್ಕ ನಿಂತ ಒಂದು ಫೋಟೋ 2004ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದಿತ್ತು. ಎತ್ತರಕ್ಕೆ ತಕ್ಕ ತೂಕದ ಲೆಕ್ಕ ಇಬ್ಬರದ್ದೂ 22.3. ಮೈಯಲ್ಲಿನ ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ. 9.1, ಯಾಜ್ಞಿಕರಿಗೆ ಶೇ. 21.2! ಆ ಫೋಟೋ ನೋಡಿದಾಗ ನನಗೆ ಕನ್ನಡಿ ನೋಡಿದ ಹಾಗಾಯಿತು. ಸಣ್ಣ ಕಾಲು, ಸಣ್ಣ ತೋಳು, ನಡುವೆ ಒಂದು ಹೊಟ್ಟೆ.

ಆ ಹಳ್ಳಿಗಳ ತಾಯಂದಿರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನರಿಗೆ ಬಿ-12 ಕಡಿಮೆ ಇತ್ತು. ಬಿ-12 ಕಡಿಮೆ ಇದ್ದು ಫೋಲೇಟ್ ಹೆಚ್ಚಿದ್ದ ತಾಯಂದಿರ ಮಕ್ಕಳಿಗೆ ಆರನೇ ವರ್ಷಕ್ಕೇ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಬಸುರಿಯರಾಗಿದ್ದಾಗ ಹಸಿರು ಸೊಪ್ಪು, ಹಣ್ಣು, ಹಾಲು ಹೆಚ್ಚು ಸಲ ಉಂಡವರ ಮಕ್ಕಳು ದೊಡ್ಡದಾಗಿ ಹುಟ್ಟಿದವು. ಹೊಲದ ಕೆಲಸ, ನೀರು ಹೊರುವುದು ಹೆಚ್ಚಾದವರ ಮಕ್ಕಳು ಸಣ್ಣಗೆ ಹುಟ್ಟಿದವು.

ಇದನ್ನೆಲ್ಲ ಓದಿದ ಮೇಲೆ ಊರಿಗೆ ಹೋದಾಗ ಅವ್ವನನ್ನು ಕೇಳಿದೆ. ನಾನು ಹುಟ್ಟಿದ್ದು 1973ರ ಬೇಸಿಗೆಯಲ್ಲಿ. ಅಂದರೆ 1972ರ ಬರದಲ್ಲಿ ಅವ್ವನ ಹೊಟ್ಟೆಯಲ್ಲಿದ್ದೆ.

"ಅವ್ವಾ, ನಾ ಹೊಟ್ಟ್ಯಾಗಿದ್ದಾಗ ಏನ್ ಉಣ್ತಿದ್ದಿ?"

"ಏನ್ ಉಣ್ಣೂದಪಾ, ಬರಗಾಲದ ಕೆಲಸಕ್ಕ ಹೋಗಿ ಖಡಿ ಒಡೀತಿದ್ವಿ. ಕೆಂಪ ಜ್ವಾಳದ ರೊಟ್ಟಿ, ಖಾರ. ಮೊದ್ಲ ಗಂಡಸರು, ಆಮ್ಯಾಲ ಹುಡುಗ್ರು, ಆಮ್ಯಾಲ ಅತ್ತಿ. ಗಂಗಾಳದಾಗ ಉಳದ್ರ ನಾವು."

ಹೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು, "ಯಾಕೋ, ನಿನ್ನ ಸಕ್ಕರಿ ಬ್ಯಾನಿ ನನ್ನಿಂದ ಬಂತಂತೇನು?"

"ನಿನ್ನಿಂದ ಅಲ್ಲವ್ವಾ" ಅಂದೆ. ಅವಳ ಸಮಾಧಾನಕ್ಕೆ ಹೇಳಿದ ಮಾತಲ್ಲ ಅದು. ಮೊದಲನೆಯದಾಗಿ, ಇಂಥ ಅಧ್ಯಯನಗಳು ನೂರಾರು ಜನರನ್ನು ಒಟ್ಟಿಗೆ ಇಟ್ಟು ನೋಡಿ ಹೇಳುವಂಥವು. ಒಬ್ಬ ಮನುಷ್ಯನನ್ನು ತೋರಿಸಿ ಇವನ ಕಾಯಿಲೆ ಆ ಬರದಿಂದಲೇ ಬಂತು ಅನ್ನಲು ಯಾರಿಗೂ ಸಾಧ್ಯವಿಲ್ಲ. ಅಣ್ಣನ ಗರ್ಭ ನಿಂತದ್ದು ಒಳ್ಳೆಯ ಬೆಳೆಯ ವರ್ಷದಲ್ಲಿ, ನಿಜ. ಆದರೆ ಅವನು ದಿನಾ ಎಷ್ಟೋ ಮೈಲಿ ನಡೆಯುತ್ತಾನೆ, ನಾನು ಮೂವತ್ತು ವರ್ಷ ಪಿಂಪ್ರಿ-ಚಿಂಚವಡದ ಕಾರ್ಖಾನೆಗಳಲ್ಲಿ ಪಾಳಿ ಮಾಡಿದ್ದೇನೆ, ರಾತ್ರಿ ಎರಡು ಗಂಟೆಗೆ ವಡಾಪಾವ್ ತಿಂದಿದ್ದೇನೆ. ಯಾವುದರ ಪಾಲೆಷ್ಟು ಅಂತ ಬಿಡಿಸಲು ಬರುವುದಿಲ್ಲ. ಇಷ್ಟು ಹೇಳಬಹುದು. ಬಡತನದಲ್ಲಿ ಕಟ್ಟಿದ ಮೈ ಸ್ವಲ್ಪವೇ ಸಿಗುತ್ತದೆ ಅಂತ ತಯಾರಾಗುತ್ತದೆ, ಆ ಮೈಯನ್ನು ತಂದು ಪೇಟೆಯ ಸಮೃದ್ಧಿಯಲ್ಲಿ ಕೂರಿಸಿದರೆ ತೊಂದರೆ ಹೆಚ್ಚುತ್ತದೆ. ಊರು ಬಿಟ್ಟು ಬಂದ ನಮ್ಮಂಥವರ ತಲೆಮಾರು ಸರಿಯಾಗಿ ಈ ಸಂದಿಯಲ್ಲಿ ಸಿಕ್ಕಿದೆ.

ಎರಡನೆಯದಾಗಿ, ಮಳೆ ಬಾರದ್ದು ಅವ್ವನ ಕೈಯಲ್ಲಿರಲಿಲ್ಲ. ಖಡಿ ಒಡೆಯುವ ಕೆಲಸ ಅವಳು ಆರಿಸಿಕೊಂಡದ್ದಲ್ಲ. ಯಾರು ಮೊದಲು ಉಣ್ಣಬೇಕು ಅನ್ನುವುದಂತೂ ಅವಳು ಆ ಮನೆಗೆ ಸೊಸೆಯಾಗಿ ಬರುವ ಮುಂಚೆಯೇ ತೀರ್ಮಾನವಾಗಿತ್ತು.

ಇದನ್ನು ಒತ್ತಿ ಹೇಳಲು ಕಾರಣವಿದೆ. ಎಪಿಜೆನೆಟಿಕ್ಸ್ ಅನ್ನುವ ಶಬ್ದ ಈಗ ಪೇಟೆಗೆ ಬಂದು ವ್ಯಾಪಾರಕ್ಕೆ ನಿಂತಿದೆ. ಪುಣೆಯಲ್ಲಿ ಗರ್ಭ ಸಂಸ್ಕಾರದ ಕ್ಲಾಸುಗಳಿಗೆ ಬರವಿಲ್ಲ. ಇಂಥ ಮಂತ್ರ ಕೇಳಿದರೆ, ಇಂಥ ವಿಚಾರ ಮಾಡಿದರೆ ಮಗುವಿನ ಜೀನು ಬದಲಾಗುತ್ತದೆ ಅಂತ ಹೇಳಿ ದುಡ್ಡು ತೆಗೆದುಕೊಳ್ಳುವವರಿದ್ದಾರೆ. ಮಗು ಸ್ವಲ್ಪ ಸಣ್ಣಗೆ ಹುಟ್ಟಿದರೆ "ನೀ ಸರಿಯಾಗಿ ಮಾಡಲಿಲ್ಲ" ಅಂತ ಬೆರಳು ತೋರಿಸುವುದು ಆ ಹುಡುಗಿಗೇ. ಮೊದಲು ಹಣೆಬರಹ ಅನ್ನುತ್ತಿದ್ದರು, ಈಗ ತಾಯಿಯ ತಪ್ಪು ಅನ್ನುತ್ತಾರೆ. ಏಳು ತಲೆಮಾರಿನ ನೋವು ಡಿಎನ್‌ಎಯಲ್ಲಿ ಇಳಿದು ಬರುತ್ತದೆ ಅನ್ನುವವರಿಗೂ ಹಾಗೆ ಹೇಳಲು ಆಧಾರವಿಲ್ಲ. ಅಂಡ, ವೀರ್ಯ ತಯಾರಾಗುವಾಗ ಮತ್ತು ಗರ್ಭ ನಿಂತ ಮೊದಲ ದಿನಗಳಲ್ಲಿ ಈ ಗುರುತುಗಳಲ್ಲಿ ಬಹುತೇಕ ಅಳಿಸಿಹೋಗುತ್ತವೆ, ಹೊಸದಾಗಿ ಬರೆಯಲ್ಪಡುತ್ತವೆ. ಒಂದು ಮಾತು ಮಾತ್ರ ನಿಜ. ಹೆಣ್ಣುಮಗು ತಾಯಿಯ ಗರ್ಭದಲ್ಲಿರುವಾಗಲೇ ಆ ಮಗುವಿನ ಅಂಡಗಳ ಮೂಲಕೋಶಗಳು ರೂಪುಗೊಳ್ಳುತ್ತವೆ. ಅಂದರೆ ನಮ್ಮ ಅವ್ವ ಅವಳ ಅವ್ವನ ಹೊಟ್ಟೆಯಲ್ಲಿದ್ದಾಗ ನನ್ನ ಅರ್ಧ ಭಾಗವೂ ಅಲ್ಲೇ ಇತ್ತು! ಒಬ್ಬ ಬಸುರಿಗೆ ಬಡಿಸಿದ ಊಟ ಒಮ್ಮೊಮ್ಮೆ ಮೂರು ತಲೆಮಾರಿಗೆ ಬಡಿಸಿದ ಊಟ.

ಹಾಗಂತ ಹುಟ್ಟಿದ ಮೇಲೆ ಎಲ್ಲ ಮುಗಿಯಿತು ಅಂತಲ್ಲ. ಪೆನ್ಸಿಲ್ಲಿನ ಗುರುತು ಬದಲಾಗಬಲ್ಲದು. ಸ್ಟಾಕ್‌ಹೋಮಿನ ಕರೋಲಿನ್‌ಸ್ಕಾ ಸಂಸ್ಥೆಯವರು 23 ಜನರಿಂದ ಮೂರು ತಿಂಗಳು ಒಂದೇ ಕಾಲಿನಲ್ಲಿ ಪೆಡಲ್ ತುಳಿಸಿದರು, ವಾರಕ್ಕೆ ನಾಲ್ಕು ದಿನ, ಮುಕ್ಕಾಲು ಗಂಟೆ. 2014ರಲ್ಲಿ ಬಂದ ಫಲಿತಾಂಶದಲ್ಲಿ, ತುಳಿದ ಕಾಲಿನ ಸ್ನಾಯುವಿನಲ್ಲಿ ಸಾವಿರಾರು ಕಡೆ ಮಿಥೈಲ್ ಗುರುತು ಬದಲಾಗಿತ್ತು. ಅದೇ ಮನುಷ್ಯನ ತುಳಿಯದ ಇನ್ನೊಂದು ಕಾಲು ಹೋಲಿಕೆಗೆ ಪಕ್ಕದಲ್ಲೇ ಇತ್ತು. ಸಿಗರೇಟು ಸೇದುವವರ ರಕ್ತದಲ್ಲೂ ಕೆಲವು ಜೀನುಗಳ ಮೇಲಿನ ಗುರುತು ಸ್ಪಷ್ಟವಾಗಿ ಬೇರೆಯಾಗಿರುತ್ತದೆ. ಬಿಟ್ಟು ವರ್ಷಗಳು ಕಳೆದಂತೆ ಬಹಳಷ್ಟು ಮೊದಲಿನ ಸ್ಥಿತಿಗೆ ಹತ್ತಿರ ಬರುತ್ತದೆ, ಕೆಲವು ಮಾತ್ರ ಉಳಿದುಕೊಳ್ಳುತ್ತವೆ. ಆದ್ದರಿಂದ "ಮನೆತನದಾಗನ ಐತಿ" ಅಂತ ಕೈಚೆಲ್ಲುವವರು ಬೆಳಿಗ್ಗೆ ಮುಕ್ಕಾಲು ಗಂಟೆ ನಡೆಯಲಿಕ್ಕೆ ಅಡ್ಡಿಯಿಲ್ಲ. ನಾನೂ ನಡೆಯುತ್ತೇನೆ. ಸಕ್ಕರೆ ಹೋಗಿಲ್ಲ, ಹತೋಟಿಯಲ್ಲಿದೆ.

ಆದರೆ ನಮಗಿಂತ ಮುಂದಿನವರ ಮಾತು ದೊಡ್ಡದು. ನಮ್ಮ ಕಡೆ ಸೊಸೆಗೆ ಉಪಚಾರ ಶುರುವಾಗುವುದು ಯಾವಾಗ? ಐದನೇ ತಿಂಗಳಿಗೋ ಏಳನೇ ತಿಂಗಳಿಗೋ ಕುಬಸ. ಹಸಿರು ಸೀರೆ, ಬಯಕೆಯ ಬುತ್ತಿ, ನಾಲ್ಕಾರು ಬಗೆಯ ಉಂಡಿ. ಹೆತ್ತ ಮೇಲೆ ಅಂಟಿನ ಉಂಡಿ, ಅಳವಿ ಪಾಯಸ. ಎಲ್ಲ ಚೆಂದದ ಪದ್ಧತಿಗಳೇ, ಬೇಡ ಅನ್ನುವುದಿಲ್ಲ. ಆದರೆ ಮಗುವಿನ ಮೆದುಳು, ಬೆನ್ನುಹುರಿ ಆಗುವ ಕೊಳವೆ ಮುಚ್ಚಿಕೊಳ್ಳುವುದು ಗರ್ಭ ನಿಂತ ನಾಲ್ಕು ವಾರದೊಳಗೆ. ಆ ಹೊತ್ತಿಗೆ ಎಷ್ಟೋ ಹೆಣ್ಣುಮಕ್ಕಳಿಗೆ ತಾವು ಬಸುರಿ ಅಂತಲೇ ಗೊತ್ತಿರುವುದಿಲ್ಲ. ಡಚ್ ಬರದ ಪಾಠವೂ ಅದೇ, ಮೊದಲ ದಿನಗಳೇ ಮುಖ್ಯ. ಕುಬಸದ ಹೊತ್ತಿಗೆ ಮುಖ್ಯವಾದ ಬರವಣಿಗೆ ಎಷ್ಟೋ ಮುಗಿದಿರುತ್ತದೆ.

ಮುಂಬಯಿಯಲ್ಲಿ ಇದನ್ನೇ ಪರೀಕ್ಷಿಸಿ ನೋಡಿದರು. 2006ರಿಂದ ಜೋಪಡಪಟ್ಟಿಗಳ 6,500 ಹೆಣ್ಣುಮಕ್ಕಳಿಗೆ, ಬಸುರಾಗುವ ಮುಂಚಿನಿಂದಲೇ, ದಿನಾ ಒಂದು ತಿಂಡಿ. ಅರ್ಧ ಜನರ ತಿಂಡಿಯಲ್ಲಿ ಸೊಪ್ಪು, ಹಣ್ಣು, ಹಾಲು, ಉಳಿದವರದ್ದರಲ್ಲಿ ಬಟಾಟೆ, ಉಳ್ಳಾಗಡ್ಡಿಯಂಥವು. 2014ರಲ್ಲಿ ಬಂದ ಫಲಿತಾಂಶ ಪವಾಡವೇನಲ್ಲ. ಎಲ್ಲರನ್ನೂ ಸೇರಿಸಿ ನೋಡಿದರೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಆದರೆ ಬಸುರಾಗುವ ಮೂರು ತಿಂಗಳು ಮುಂಚೆಯೇ ಶುರು ಮಾಡಿದವರ ಮಕ್ಕಳು ಸರಾಸರಿ 48 ಗ್ರಾಂ ಹೆಚ್ಚು ತೂಗಿದವು. ತೀರಾ ತೆಳ್ಳಗಿದ್ದ ತಾಯಂದಿರಲ್ಲಿ ಅಷ್ಟೂ ಕಾಣಲಿಲ್ಲ. ವರ್ಷಗಟ್ಟಲೆಯ ಹಸಿವನ್ನು ಒಂದು ತಿಂಡಿ ತೀರಿಸಲಾರದು. ಬಸುರಿನಲ್ಲಿ ಬರುವ ಸಕ್ಕರೆ ಕಾಯಿಲೆ ಮಾತ್ರ ಸೊಪ್ಪಿನ ತಿಂಡಿ ತಿಂದವರಲ್ಲಿ ಚೆನ್ನಾಗಿ ಕಡಿಮೆ ಕಂಡಿತು.

ಪುಣೆಯ ಆ ಆರು ಹಳ್ಳಿಗಳಲ್ಲಿ ಯಾಜ್ಞಿಕರ ತಂಡ 2012ರಿಂದ ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಹೋಯಿತು. ಮೊದಲ ಅಧ್ಯಯನದಲ್ಲಿ ಹುಟ್ಟಿದ್ದ ಮಕ್ಕಳೇ ಈಗ ಹದಿಹರೆಯಕ್ಕೆ ಬಂದಿದ್ದರು. ಅವರು ಮುಂದೆ ತಾಯಿ ತಂದೆಯಾಗುವವರು ಅಂತ, ಮದುವೆಗೂ ಮುಂಚೆ, ಹುಡುಗಿಯರಿಗೂ ಹುಡುಗರಿಗೂ ದಿನಕ್ಕೆ 2 ಮೈಕ್ರೋಗ್ರಾಂ ಬಿ-12 ಕೊಟ್ಟರು. ಹುಡುಗರಿಗೂ ಅನ್ನುವುದನ್ನು ಗಮನಿಸಿ.

ನಮ್ಮ ಮನೆಯಲ್ಲಿ ಇಪ್ಪತ್ತನಾಲ್ಕರ ಮಗಳಿದ್ದಾಳೆ. ಅವಳು ಅಜ್ಜಿಯ ಹಾಗೆ ಎಲ್ಲರ ಊಟವಾದ ಮೇಲೆ ಉಣ್ಣುವುದಿಲ್ಲ. ಆದರೆ ಏಳು ಗಂಟೆಯ ಕಂಪನಿ ಬಸ್ಸಿಗೆ ಚಹ-ಬಿಸ್ಕೀಟಿನ ಮೇಲೆ ಓಡುತ್ತಾಳೆ, ತೂಕ ಇಳಿಸುತ್ತೇನೆಂದು ರಾತ್ರಿ ಊಟ ಬಿಡುತ್ತಾಳೆ. ಹೋದ ವರ್ಷ ಪರೀಕ್ಷೆ ಮಾಡಿಸಿದರೆ ಬಿ-12 ತಳದಲ್ಲಿತ್ತು. ಗಂಗಾಳದಲ್ಲಿ ಉಳಿದದ್ದನ್ನು ಉಂಡ ಅಜ್ಜಿ, ಗಂಗಾಳವನ್ನೇ ಮುಟ್ಟದ ಮೊಮ್ಮಗಳು! ಡಾಕ್ಟರು ಗುಳಿಗೆ ಕೊಟ್ಟರು. ಅದರ ಜೊತೆಗೆ ಈಗ ನಮ್ಮ ಮನೆಯಲ್ಲಿ ಒಂದು ನಿಯಮ. ರಾತ್ರಿ ಎಲ್ಲರೂ ಒಂದೇ ಹೊತ್ತಿಗೆ ಕೂರುವುದು. ರೊಟ್ಟಿಯ ಜೊತೆ ಮೆಂತೆಯೋ ಪುಂಡಿಯೋ ರಾಜಗಿರಿಯೋ ಒಂದು ಪಲ್ಯ ಇರಲೇಬೇಕು, ಒಂದು ವಾಟಿ ಮೊಸರು ಎಲ್ಲರ ಮುಂದೂ ಇರಬೇಕು. ಅಡುಗೆ ಮಾಡಿದವಳು ಬಿಸಿ ರೊಟ್ಟಿ ಬಡಿಸಲೆಂದು ಎದ್ದು ಹೋಗುವ ಹಾಗಿಲ್ಲ, ರೊಟ್ಟಿ ಆರಿದರೂ ಪರವಾಗಿಲ್ಲ.

ಮಗಳಿಗೆ ಇದನ್ನು ಮೊಮ್ಮಕ್ಕಳ ಲೆಕ್ಕದಲ್ಲಿ ಹೇಳಲಿಲ್ಲ. ಮದುವೆ, ಮಕ್ಕಳು ಅವಳ ವಿಚಾರ. ಮೊದಲು ಅವಳ ಮೈ ಅವಳಿಗೇ ಬೇಕಲ್ಲ! ನೀವೂ ಈ ಸಲ ಮಗಳಿಗೋ ಸೊಸೆಗೋ ಕುಬಸದ ಸೀರೆ ನೋಡಲು ಲಕ್ಷ್ಮಿ ರೋಡಿಗೆ ಹೋಗುವ ಮುಂಚೆ, ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು, ಅವರ ಗಂಗಾಳದಲ್ಲಿ ಏನಿರುತ್ತದೆ ಅಂತ ಒಂದು ವಾರ ಸುಮ್ಮನೆ ನೋಡಿ.